ರಸಮಟ್ಟದ ಗುಳ್ಳೆ

ತಂದೆತಾಯಿ ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಕೆಲಸದ ಜಾಗದಲ್ಲಿ ಅದನ್ನು ಕೂಗಿದವರಿಲ್ಲ. ಎಲ್ಲರ ಬಾಯಲ್ಲೂ ಅವನು ರಸಮಟ್ಟ. ಗಾರೆ ಕೆಲಸದವರ ಚೀಲದಲ್ಲಿ ಒಂದು ಉದ್ದನೆಯ ಪಟ್ಟಿ ಇರುತ್ತದಲ್ಲ, ನಡುವೆ ಗಾಜಿನ ಕೊಳವೆ, ಕೊಳವೆಯಲ್ಲಿ ಹಸಿರು ರಸ, ರಸದಲ್ಲೊಂದು ಗುಳ್ಳೆ? ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ನೆಲ ಸಮ, ಸರಿದರೆ ಓರೆ. ಆ ಸಲಕರಣೆಯ ಹೆಸರನ್ನೇ ಇಪ್ಪತ್ತು ವರ್ಷದ ಹಿಂದೆ ಒಬ್ಬ ಕ್ರೇನ್ ಡ್ರೈವರ್ ಇವನಿಗೆ ಅಂಟಿಸಿದ. ಅಂಟಿದ್ದು ಮತ್ತೆ ಬಿಡಲಿಲ್ಲ. ಹೆಂಡತಿಗೆ ಬರುವ ಫೋನುಗಳಲ್ಲೂ “ರಸಮಟ್ಟ ಇದ್ದಾರಾ?” ಎಂದೇ ಕೇಳುತ್ತಿದ್ದರು.

ಮನೆಯ ಹಿತ್ತಲಿನಲ್ಲಿ ಫೈಬರಿನ ಈಜುಕೊಳ ಕೂರಿಸುವುದು ಅವನ ಕಸುಬು. ನೋಡುವವರಿಗೆ ಅದೇನು ಮಹಾ ಅನ್ನಿಸುತ್ತದೆ. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಎರಕವಾದ ನೀಲಿ ತೊಟ್ಟಿ ಲಾರಿಯ ಮೇಲೆ ಬರುತ್ತದೆ, ಕ್ರೇನು ಅದನ್ನು ಮನೆಯ ತಲೆಯ ಮೇಲಿಂದ ಎತ್ತಿ ಹಿಂದಿನ ಗುಂಡಿಗೆ ಇಳಿಸುತ್ತದೆ, ನೀರು ತುಂಬಿದರೆ ಮುಗಿಯಿತು. ಆದರೆ ಇಳಿಸುವುದಕ್ಕೆ ಮೊದಲು ಗುಂಡಿಯ ತಳದಲ್ಲಿ ಮರಳು ಹಾಸಿ ಅದನ್ನು ಸಮ ಮಾಡಬೇಕು. ಇಳಿಸಿದ ಮೇಲೆ ನಾಲ್ಕು ಮೂಲೆಗೂ ಪಟ್ಟಿ ಇಟ್ಟು ಗುಳ್ಳೆ ನೋಡಬೇಕು. ಆಮೇಲೆ ಒಳಗೆ ನೀರು, ಹೊರಗೆ ಸುತ್ತಲೂ ಮರಳು, ಎರಡನ್ನೂ ಜೊತೆಜೊತೆಗೇ ಏರಿಸಬೇಕು. ನೀರು ಮುಂದಾದರೆ ಗೋಡೆ ಹೊರಗೆ ಉಬ್ಬುತ್ತದೆ, ಮರಳು ಮುಂದಾದರೆ ಒಳಗೆ ಕುಗ್ಗುತ್ತದೆ. ಇಷ್ಟೆಲ್ಲ ಮಾಡಿಯೂ ಮಟ್ಟ ತಪ್ಪಿದರೆ ನೀರು ಯಾರ ಮುಲಾಜೂ ನೋಡುವುದಿಲ್ಲ. ಒಂದು ಅಂಚಿನಲ್ಲಿ ತುಳುಕುವಷ್ಟು, ಇನ್ನೊಂದು ಅಂಚಿನಲ್ಲಿ ಕೊರತೆ. ಮನೆಯವರು ಸಾಯುವ ತನಕ ಅದನ್ನು ನೋಡಿಕೊಂಡೇ ಈಜಬೇಕು. ಇನ್ನೂರಕ್ಕೂ ಹೆಚ್ಚು ಕೊಳ ಕೂರಿಸಿದ ರಸಮಟ್ಟ ಒಂದನ್ನೂ ಓರೆ ಬಿಟ್ಟವನಲ್ಲ. ಹಾಗೆಯೇ ಒಂದರಲ್ಲೂ ಮೊಣಕಾಲಿಗಿಂತ ಮೇಲೆ ಒದ್ದೆಯಾದವನೂ ಅಲ್ಲ. ಅವನಿಗೆ ಈಜು ಬರುತ್ತಿರಲಿಲ್ಲ.

ಕಳೆದ ವರ್ಷ ಅವನ ಕಣ್ಣು ಕೈಕೊಟ್ಟಿತು. ಎರಡೂ ಕಣ್ಣು, ಅದೂ ವಿಚಿತ್ರವಾಗಿ. ಸುತ್ತಲಿನದೆಲ್ಲ ಕಾಣುತ್ತದೆ, ನಟ್ಟ ನಡುವಿನದು ಕಾಣುವುದಿಲ್ಲ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಭುಜ ಕಾಣುತ್ತದೆ, ಮುಖ ಇರಬೇಕಾದಲ್ಲಿ ಒರೆಸಿದ ಹಲಗೆ. ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದ. ಇದು ಕನ್ನಡಕಕ್ಕೆ ಬಗ್ಗುವುದಲ್ಲ, ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿದರೆ ಪುಣ್ಯ ಎಂದರು ಅವರು. ಚೀಟಿಯನ್ನು ನಾಲ್ಕಾಗಿ ಮಡಚಿ ಸಲಕರಣೆಯ ಚೀಲದ ತಳಕ್ಕೆ ಸೇರಿಸಿದ. ಹೆಂಡತಿಯ ಮುಂದೂ ಬಾಯಿ ಬಿಡಲಿಲ್ಲ. ಕಣ್ಣು ಹೋದ ರಸಮಟ್ಟನನ್ನು ಯಾರು ಕರೆಯುತ್ತಾರೆ? ಮೂವತ್ತು ವರ್ಷ ಬಗ್ಗಿದ ಸೊಂಟ, ಸವೆದ ಮಂಡಿ, ಇವುಗಳ ಜೊತೆ ಉಳಿದಿದ್ದದ್ದು ಆ ಹೆಸರೊಂದೇ. ಅಂದಿನಿಂದ ಗುಳ್ಳೆಯನ್ನು ನೇರ ನೋಡುವುದು ಬಿಟ್ಟು, ಕತ್ತು ಓರೆ ಮಾಡಿ ಕಣ್ಣಂಚಿನಲ್ಲಿ ಹಿಡಿಯುವುದನ್ನು ಕಲಿತ. ಕೆಲಸದವರು ಅದನ್ನೂ ದೊಡ್ಡವರ ಗತ್ತು ಎಂದುಕೊಂಡರು. ಒಂದು ವರ್ಷ ಹೀಗೆ ಎಲ್ಲರ ಕಣ್ಣಿಗೆ ಮಣ್ಣೆರಚಿದೆ ಎಂಬುದು ಅವನ ಎಣಿಕೆ. ಹಾಗೆ ಎರಚುತ್ತಾ ಎರಚುತ್ತಾ ಅವನಿಗೆ ಸಾಕುಸಾಕಾಗಿತ್ತು. ಬೆಳಗ್ಗೆ ಎದ್ದರೆ ರಾತ್ರಿ ಮಲಗಿದ್ದೇ ಸುಳ್ಳು ಅನ್ನಿಸುವಂಥ ದಣಿವು.

ಅದೇ ವರ್ಷ ಹೆಂಡತಿ ಮನೆಗೊಂದು ಗೋಡೆ ಗಡಿಯಾರ ತಂದಿದ್ದಳು. ಬಂಡಿ ಚಕ್ರದಷ್ಟು ಅಗಲ, ಅಂಗೈಯಷ್ಟು ದಪ್ಪ ಅಂಕಿಗಳು. ಎರಡು ಕೋಣೆಯ ಮನೆಗೆ ಅದನ್ನು ತೂಗುಹಾಕಿದ ಮೇಲೆ ಗೋಡೆಯೇ ಉಳಿಯಲಿಲ್ಲ.

“ಇದೇನು ಮನೆಯೋ, ರೈಲ್ವೆ ಸ್ಟೇಷನ್ನೋ? ಟಿಕೆಟ್ ಕೌಂಟರ್ ಎಲ್ಲಿ?” ಎಂದು ಅವನು ರೇಗಿಸಿದ್ದ.

“ಇರಲಿ ಬಿಡಿ, ಚೆನ್ನಾಗಿದೆ” ಎಂದಷ್ಟೇ ಹೇಳಿ ಅವಳು ಅಡುಗೆಮನೆಗೆ ಹೋಗಿದ್ದಳು. ಯಾವ ಮಾತಿಗೂ ಸೋಲದ ಹೆಂಗಸು ಅಂದು ಅಷ್ಟು ಬೇಗ ಸೋತಳಲ್ಲ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಹೆಂಡತಿಯ ತಮ್ಮ ಅವನ ಜೊತೆಯಲ್ಲೇ ದುಡಿಯುತ್ತಿದ್ದ. ನಲವತ್ತೈದರ ಗಟ್ಟಿ ಆಳು, ಮಾತು ಮಾತ್ರ ಅಳೆದು ತೂಗಿ. ಈಚೆಗೆ ಅವನಿಗೊಂದು ಚಾಳಿ ಹತ್ತಿತ್ತು. ತೊಟ್ಟಿ ಕೂತು, ಭಾವ “ಸರಿ ಇದೆ” ಎಂದು ಕೈ ಝಾಡಿಸಿದ ಮೇಲೆ, ಟ್ಯಾಂಕರ್ ಬರುವ ಮೊದಲು “ಕಾಲು ಹಿಡ್ಕೊಂಡಿದೆ ಭಾವ, ಒಂದು ಸುತ್ತು ಹಾಕಿ ಬರ್ತೀನಿ” ಎಂದು ಸನಿಕೆ ಹಿಡಿದು ಗುಂಡಿಯ ಸುತ್ತ ಹೊರಡುವುದು. ಕಾಲು ಗಂಟೆಯಾದರೂ ಬರುತ್ತಿರಲಿಲ್ಲ. “ನನ್ನ ಮಾವನ ಮನೆಯ ಸೋಮಾರಿತನವೆಲ್ಲ ಇವನೊಬ್ಬನಿಗೇ ಬಂದಿದೆ” ಎಂದು ರಸಮಟ್ಟ ಉಳಿದವರ ಮುಂದೆ ಆಡಿಕೊಳ್ಳುತ್ತಿದ್ದ. ಭಾವಮೈದ ನಕ್ಕುಬಿಡುತ್ತಿದ್ದ.

ಆ ದಿನದ ಕೆಲಸ ನಿವೃತ್ತ ಹೆಡ್ ಮಿಸ್ ಒಬ್ಬರ ಮನೆಯಲ್ಲಿ. ಒಬ್ಬರೇ ಇದ್ದರು. ಬೆನ್ನುನೋವಿಗೆ ನೀರಿನಲ್ಲಿ ನಡೆಯಬೇಕು ಎಂದು ಡಾಕ್ಟರು ಹೇಳಿದ್ದಕ್ಕೆ, ಹಿತ್ತಲಿನ ಹುಲ್ಲು ತೆಗೆಸಿ ಇಪ್ಪತ್ತೆರಡು ಅಡಿಯ ಕೊಳ ಹಾಕಿಸುತ್ತಿದ್ದರು. ಬೆಳಗ್ಗೆಯಿಂದ ಕುರ್ಚಿ ಹಾಕಿಕೊಂಡು ಕೂತವರು, ಪರೀಕ್ಷೆಯ ಕೋಣೆಯಲ್ಲಿ ಕೂತ ಹಾಗೆ ಕೂತಿದ್ದರು. ಭಾವಮೈದನಿಗೆ ಅಂದು ಬೆಳಗ್ಗೆ ಹಲ್ಲು ಕೀಳಿಸುವುದಿತ್ತು. ಮಧ್ಯಾಹ್ನ ಬರುತ್ತೇನೆ, ಅಲ್ಲಿಯವರೆಗೆ ಟ್ಯಾಂಕರ್ ನಿಲ್ಲಿಸಿಕೊಳ್ಳಿ ಭಾವ, ಎಂದು ಹಿಂದಿನ ದಿನ ಎರಡೆರಡು ಸಲ ಹೇಳಿದ್ದ. ನಿನ್ನ ಹಲ್ಲಿಗೂ ನನ್ನ ನೀರಿಗೂ ಏನಯ್ಯಾ ಸಂಬಂಧ ಎಂದು ಇವನು ನಕ್ಕಿದ್ದ.

ಒಂಬತ್ತಕ್ಕೆ ತೊಟ್ಟಿ ಇಳಿಯಿತು. ರಸಮಟ್ಟ ಮಂಡಿಯೂರಿ ಮೂಲೆಯಿಂದ ಮೂಲೆಗೆ ಪಟ್ಟಿ ಇಟ್ಟ, ಕತ್ತು ಓರೆ ಮಾಡಿದ. ಬಿಸಿಲು ಗಾಜಿನ ಮೇಲೆ ಬಿದ್ದು ಹೊಳೆಯುತ್ತಿತ್ತು. ಗುಳ್ಳೆ ನಡುವೆ ಇದ್ದ ಹಾಗೂ ಕಂಡಿತು, ಇಲ್ಲದ ಹಾಗೂ ಕಂಡಿತು. ಇನ್ನೊಂದು ಸಲ ನೋಡೋಣವೆಂದರೆ ಕ್ರೇನಿನವನು ಹಾರ್ನ್ ಒತ್ತುತ್ತಿದ್ದ.

“ಸರಿ ಇದ್ಯಾ ರಸಮಟ್ಟಣ್ಣ? ನಾನು ಹೊರಡ್ಲಾ?”

“ಸರಿ ಇದೆ” ಎಂದ.

ಟ್ಯಾಂಕರ್ ಬಂತು. ಒಳಗೆ ನೀರು, ಹೊರಗೆ ಇಬ್ಬರು ಆಳುಗಳು ಮರಳು ಸುರಿಯುತ್ತಾ ಬಂದರು. ಹನ್ನೊಂದೂವರೆಯ ಹೊತ್ತಿಗೆ ನೀರು, ತೊಟ್ಟಿಯ ಎರಡು ಬದಿಗೂ ಒಂದೇ ಎತ್ತರದಲ್ಲಿರುವ ಕೂರುವ ಕಟ್ಟೆಗಳ ತನಕ ಏರಿತು. ರಸಮಟ್ಟ ಮನೆಯ ಕಡೆಯ ಅಂಚಿನಲ್ಲಿ ಬೋರಲಾಗಿ ಮಲಗಿ ಕಟ್ಟೆಗೆ ಕೈ ಚಾಚಿದ. ಬೆರಳಿಗೆ ನೀರು ತಾಕಿತು, ಎರಡು ಬೆರಳು ಮುಳುಗುವಷ್ಟು. ಸುತ್ತು ಹಾಕಿ ಕಾಂಪೌಂಡಿನ ಕಡೆಗೆ ಹೋಗಿ ಕೈ ಚಾಚಿದ. ಕಟ್ಟೆ ಒಣಗಿತ್ತು.

ಕೈ ತಪ್ಪಿರಬಹುದು ಎಂದು ಮತ್ತೆ ಮುಟ್ಟಿದ. ಒಣ, ಬಿಸಿಲಿಗೆ ಬೆಚ್ಚಗಾದ ಫೈಬರ್. ಕಣ್ಣು ಹೇಳಿದ ಸುಳ್ಳನ್ನು ಬೆರಳು ಹಿಡಿದಿತ್ತು.

ಮುಚ್ಚುವ ದಾರಿ ಇರಲಿಲ್ಲವೆಂದಲ್ಲ. ಮೇಲೆ ಅಂಚಿನ ಕಲ್ಲು ಕೂರಿಸುವಾಗ ಒಂದು ಕಡೆ ಗಾರೆ ದಪ್ಪ, ಇನ್ನೊಂದು ಕಡೆ ತೆಳು ಹಾಕಿದರೆ ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ. ಹಾಗೆ ಮಾಡುವವರನ್ನು ರಸಮಟ್ಟ ಬದುಕಿಡೀ ಮೂಗು ಮುರಿದು ನೋಡಿದ್ದ. ಈಗ ಮರಳಿನ ಮೇಲೆ ಕೂತು ಆ ಯೋಚನೆಯನ್ನು ತಲೆಯಲ್ಲಿ ಬಹಳ ಹೊತ್ತು ಇಟ್ಟುಕೊಂಡ. ಮತ್ತೆ ಕ್ರೇನು ಕರೆಸಬೇಕು. ಎರಡಡಿ ಮರಳು ತೋಡಬೇಕು, ನೀರು ಎಳೆಯಬೇಕು, ಅದೂ ಏರಿಸಿದ ಹಾಗೇ ಜೊತೆಜೊತೆಗೆ ಇಳಿಸಬೇಕು. ಅದಕ್ಕೆಲ್ಲ ಮೈಯಲ್ಲಿ ಕಸುವಿರಲಿಲ್ಲ. ಅದಕ್ಕಿಂತ, ಯಾಕೆ ತಪ್ಪಿತು ಎಂದು ಯಾರಾದರೂ ಕೇಳಿದರೆ ಇನ್ನೊಂದು ಸುಳ್ಳು ಹುಡುಕುವ ಕಸುವಿರಲಿಲ್ಲ.

“ಎಷ್ಟು ಚೆನ್ನಾಗಿ ಕಾಣ್ತಿದೆ ಮೇಸ್ತ್ರಿ!” ಎಂದರು ಹೆಡ್ ಮಿಸ್ಸು ಕುರ್ಚಿಯಿಂದ. “ನೂರಕ್ಕೆ ನೂರು ಕೊಡಬಹುದು.”

ರಸಮಟ್ಟ ಎದ್ದುಹೋಗಿ ಟ್ಯಾಂಕರಿನ ನಲ್ಲಿ ತಿರುಗಿಸಿದ. ನೀರು ನಿಂತಿತು. ಆಳುಗಳು ಸನಿಕೆ ಹಿಡಿದು ಮುಖ ಮುಖ ನೋಡಿಕೊಂಡರು.

“ಮೇಡಂ, ಕೊಳ ಓರೆ ಕೂತಿದೆ. ಎರಡು ಬೆರಳು. ಪೂರ್ತಿ ತೆಗೆದು ಮತ್ತೆ ಕೂರಿಸ್ಬೇಕು.”

“ಓರೆನಾ? ನನಗೇನೂ ಕಾಣ್ತಿಲ್ವಲ್ಲ!”

“ನನಗೂ ಕಾಣ್ಲಿಲ್ಲ, ಅದೇ ತೊಂದ್ರೆ” ಎಂದ. ಮುಂದಿನ ಮಾತು ತಾನಾಗಿ ಬಂತು. “ನನಗೆ ಕಣ್ಣು ಹೋಗ್ತಾ ಇದೆ ಮೇಡಂ. ಒಂದು ವರ್ಷ ಆಯ್ತು. ಯಾರಿಗೂ ಹೇಳಿಲ್ಲ.”

ಹೆಡ್ ಮಿಸ್ಸು ಎದ್ದು ಬಂದರು. ಅವರ ಮುಖ ಅವನಿಗೆ ಕಾಣಲಿಲ್ಲ, ಕಿವಿಯ ಓಲೆ ಮಾತ್ರ ಕಂಡಿತು. “ನೀವು ಬಾಯಿ ಬಿಡದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ” ಎಂದರು ನಿಧಾನವಾಗಿ. “ಹೋಗ್ಲಿ, ಮತ್ತೆ ಕೂರ್ಸಿ. ನನ್ನ ಬೆನ್ನು ಎರಡು ದಿನ ಕಾಯುತ್ತೆ. ಮೊದ್ಲು ನೆರಳಿಗೆ ಬನ್ನಿ.”

ಅವನು ತಿರುಗಿದಾಗ ಗೇಟಿನ ಹತ್ತಿರ ಭಾವಮೈದ ನಿಂತಿದ್ದ. ಒಂದು ಕೆನ್ನೆ ಊದಿಕೊಂಡಿತ್ತು, ಬಾಯಲ್ಲಿ ಹತ್ತಿ. ಯಾವಾಗ ಬಂದನೋ, ಎಲ್ಲ ಕೇಳಿಸಿಕೊಂಡಿದ್ದ. ಬಂದು ಭಾವನ ಕೈಯಲ್ಲಿದ್ದ ಪಟ್ಟಿ ತೆಗೆದುಕೊಂಡು ಕಾಂಪೌಂಡಿನ ಕಡೆಯ ಅಂಚಿಗೆ ಇಟ್ಟು ನೋಡಿದ. ಆಮೇಲೆ ನೀರು ಎಳೆಯುವ ಪಂಪಿನ ಪೈಪಿನ ಸುರುಳಿ ಬಿಚ್ಚತೊಡಗಿದ.

“ಕೇಳಿಸ್ತಲ್ಲ? ಬೈಯೋದಾದ್ರೆ ಬೈದುಬಿಡು” ಎಂದ ರಸಮಟ್ಟ.

ಭಾವಮೈದ ಹತ್ತಿ ಉಗಿದ. “ಅದಕ್ಕೇ ಅಲ್ವಾ ಟ್ಯಾಂಕರ್ ನಿಲ್ಸಿ ಅಂತ ಬಡ್ಕೊಂಡಿದ್ದು” ಎಂದ. ಊದಿದ ಬಾಯಲ್ಲಿ ಮಾತು ಅರ್ಧ ಮುರಿದು ಬರುತ್ತಿತ್ತು.

“ಅಂದ್ರೆ?”

“ಅಂದ್ರೆ ಏನು ಭಾವ! ನನ್ನ ಕಾಲು ಯಾವತ್ತು ಹಿಡ್ಕೊಂಡಿತ್ತು? ಒಂದು ವರ್ಷದಿಂದ ನೀವು ನೋಡಿದ್ಮೇಲೆ ನಾನೊಂದು ಸಲ ನೋಡ್ತಾ ಇದೀನಿ. ಒಂದು ಕಡೆ ಮರಳು ಕೆರೆಯೋದು, ಇನ್ನೊಂದು ಕಡೆ ತುರುಕೋದು. ಹತ್ತರಲ್ಲಿ ಎಂಟು ಸರಿಯಾಗೇ ಇರ್ತಿತ್ತು. ಅದಂತೂ ನಿಜ.”

ರಸಮಟ್ಟ ಇವನನ್ನು ಸೋಮಾರಿ ಎಂದು ಎಷ್ಟು ಜನರ ಮುಂದೆ ಆಡಿಕೊಂಡಿದ್ದ! “ನಿನಗೆ ಹೇಳಿದ್ದು ಯಾರು?”

“ಅಕ್ಕ.”

“ಅವಳಿಗೆ ಹೇಗೆ ಗೊತ್ತು?”

“ಒಂದೇ ಮನೇಲಿ ಇರೋರಿಗೆ ಗೊತ್ತಾಗಲ್ವಾ ಭಾವ? ಎದುರಿಗಿರೋ ಲೋಟ ಬಿಟ್ಟು ಪಕ್ಕದಲ್ಲಿ ಟೀ ಬಗ್ಗಿಸ್ತಿದ್ರಂತೆ. ಅವರೇ ಹೇಳೋ ತನಕ ನೀನೂ ಬಾಯಿ ಬಿಡ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ಳು. ಅಷ್ಟು ದೊಡ್ಡ ಗಡಿಯಾರ ಯಾಕೆ ತಂದ್ಳು ಅಂದ್ಕೊಂಡ್ರಿ?”

ರಸಮಟ್ಟನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು, ಸಿಟ್ಟೂ ನಿಲ್ಲಲಿಲ್ಲ. ಇಷ್ಟು ದಿನ ಒಬ್ಬನೇ ಹೊತ್ತಿದ್ದೇನೆ ಎಂದುಕೊಂಡ ಹೊರೆಯನ್ನು ಅಕ್ಕ ತಮ್ಮ ಇಬ್ಬರೂ ಸದ್ದಿಲ್ಲದೆ ಹೊತ್ತುಕೊಂಡು ನಡೆದಿದ್ದರು. ಅವನು ಸನಿಕೆ ಎತ್ತಿಕೊಂಡು ಮರಳು ತೋಡಲು ಇಳಿದ.

ಮಧ್ಯಾಹ್ನವಿಡೀ ಕಟ್ಟಿದ್ದನ್ನು ಕೆಡವುವುದೇ ಆಯಿತು. ನೀರು ಒಂದು ಗೇಣು ಇಳಿದರೆ ಮರಳೂ ಒಂದು ಗೇಣು. ಕ್ರೇನಿನವನು ಗೊಣಗುತ್ತಾ ಬಂದ. ಊದಿದ ಕೆನ್ನೆಯ ಭಾವಮೈದ ಅವನನ್ನು ಒಂದು ಸಲ ಗುರಾಯಿಸಿದ ಮೇಲೆ ಗೊಣಗಾಟ ನಿಂತಿತು. ತೊಟ್ಟಿ ಎತ್ತಿ ಪಕ್ಕಕ್ಕಿಟ್ಟು, ರಸಮಟ್ಟ ಚಪ್ಪಲಿ ಬಿಟ್ಟು ಗುಂಡಿಗಿಳಿದು ಮರಳನ್ನು ಅಂಗಾಲಿನಿಂದ ತುಳಿದು ಸಮ ಮಾಡಿದ. ಕಾಂಪೌಂಡಿನ ಕಡೆ ಎರಡು ಬೆರಳು ಕೆರೆದ. ತೊಟ್ಟಿ ಮತ್ತೆ ಇಳಿಯಿತು. ಪಟ್ಟಿಯನ್ನು ಅಂಚಿನ ಮೇಲಿಟ್ಟು, ಅಭ್ಯಾಸಬಲದಿಂದ ಕತ್ತು ಓರೆ ಮಾಡಿದವನು ಹಾಗೇ ನಿಂತ. ಆಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

“ಏನು ತೋರಿಸ್ತಿದೆ, ನೀನು ನೋಡು” ಎಂದ.

ಮೂವತ್ತು ವರ್ಷದಲ್ಲಿ ಆ ಪ್ರಶ್ನೆಗೆ ಅವನು ಉತ್ತರ ಹೇಳಿದ್ದೇ ಹೊರತು ಯಾರನ್ನೂ ಕೇಳಿದವನಲ್ಲ. ಭಾವಮೈದ ಬಗ್ಗಿ ನೋಡಿದ, ನಾಲ್ಕು ಮೂಲೆಗೂ ಹೋಗಿ ನೋಡಿದ. “ಸರಿ ಇದೆ ಭಾವ. ನಿಮ್ಮ ಕಾಲಿಗೆ ಕಣ್ಣಿದೆ” ಎಂದ. ಮರುದಿನ ಬಂದು ತುಂಬಿಸುವುದೆಂದು ಒಂದು ಗೇಣು ನೀರು ಬಿಟ್ಟು, ಅಷ್ಟೇ ಮರಳು ಹಾಕಿ ಹೊರಟರು.

“ಅಕ್ಕನಿಗೆ ಫೋನ್ ಮಾಡ್ಲಾ?” ಎಂದು ದಾರಿಯಲ್ಲಿ ಭಾವಮೈದ ಕೇಳಿದ.

“ಬೇಡ. ನಾನೇ ಹೇಳ್ತೀನಿ.”

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಹೊಸ್ತಿಲು ದಾಟುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಚೀಲವನ್ನು ಮೂಲೆಗಿಟ್ಟು, ಎಂದಿನ ಕುರ್ಚಿಯಲ್ಲಿ ಕೂತು, ಗಡಿಯಾರವನ್ನು ನೋಡಿದ. ಓರೆಯಾಗಿ ಅಲ್ಲ, ನೇರವಾಗಿ. ಸುತ್ತಲಿನ ಚೌಕಟ್ಟು ಕಂಡಿತು. ಮುಳ್ಳು ಕಾಣಲಿಲ್ಲ.

“ಇವತ್ತು ಯಾಕ್ರೀ ಇಷ್ಟು ತಡ?” ಎನ್ನುತ್ತಾ ಹೆಂಡತಿ ಟೀ ತಂದಳು.

“ಎಷ್ಟು ಗಂಟೆ ಆಯ್ತು, ನೋಡು.”

“ಎದುರಿಗೇ ಇದೆಯಲ್ಲ” ಎನ್ನುವುದಕ್ಕೆ ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದಳು.

“ನನಗೆ ಕಾಣ್ತಾ ಇಲ್ಲ ಕಣೇ” ಎಂದ ಅವನು.

ಅವಳು ಲೋಟವನ್ನು ಅವನ ಕೈಗೇ ಕೊಟ್ಟು, ಬೆರಳುಗಳನ್ನು ಅದರ ಸುತ್ತ ಮಡಿಸಿ, ಪಕ್ಕದಲ್ಲಿ ಕೂತಳು. ಸೆರಗಿನಿಂದ ಒಂದು ಸಲ ಮುಖ ಒರೆಸಿಕೊಂಡಳು. ಆಮೇಲೆ ಗೋಡೆಯ ಕಡೆ ತಿರುಗಿದಳು.

“ಆರು ಗಂಟೆ ಹತ್ತು ನಿಮಿಷ” ಎಂದಳು.

ಅವನು ಟೀ ಕುಡಿದ. ಮತ್ತೆ ಅವನು ಕೇಳಿರಲಿಲ್ಲ, ಆದರೂ ಅವಳು ಹೇಳಿದಳು.

“ಈಗ ಆರು ಹನ್ನೊಂದು.”