ಎಣ್ಣೆ ಬಟ್ಟೆಯ ಪೆಟ್ಟಿಗೆ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಹೊಗೆಯ ವಾಸನೆ ಬಂತು. ನಾಲ್ಕಕ್ಕೆ ಕಲಾ ಇತಿಹಾಸದ ತರಗತಿ ಇದ್ದುದರಿಂದ ಗಡಿಯಾರ ನೋಡಿದ್ದು ಸರಿಯಾಗಿ ನೆನಪಿದೆ. ಹೊಗೆ ಅಂತ ಗೊತ್ತಾದ ಮೇಲೂ ನಾನು ಕುಂಚ ಕೆಳಗಿಡಲಿಲ್ಲ. ಕೊಪ್ಪದಲ್ಲಿ ಬೆಳೆದವರಿಗೆ ಹೊಗೆ ಬಂತೆಂದರೆ ಯಾರೋ ಬಚ್ಚಲೊಲೆಗೆ ಬೆಂಕಿ ಹಾಕಿದ್ದಾರೆ, ಸ್ನಾನದ ನೀರು ಕಾಯುತ್ತಿದೆ, ಅಷ್ಟೆ. ಎದ್ದು ಓಡಬೇಕಾದ ವಾಸನೆಯಲ್ಲ ಅದು. ಹಿತವೇ ಅನ್ನಿಸಿತು. ಬಚ್ಚಲೊಲೆಯೇ ಇಲ್ಲದ ದೇಶದಲ್ಲಿ ಕೂತಿದ್ದೇನೆ ಎಂಬುದು ಹೊಳೆದು ತಿರುಗಿ ನೋಡುವಷ್ಟರಲ್ಲಿ ನನ್ನ ಮೇಜಿನ ಕೆಳಗಿದ್ದ ರಟ್ಟಿನ ಪೆಟ್ಟಿಗೆ ಉರಿಯುತ್ತಿತ್ತು.

ಅಮೆರಿಕದ ಈ ಸಣ್ಣ ಊರಿಗೆ ಬಂದು ಆಗ ಐದು ತಿಂಗಳು. ಇದು ಲಿಬರಲ್ ಆರ್ಟ್ಸ್ ಕಾಲೇಜು. ಅಂದರೆ ಚಿತ್ರ ಬರೆಯಲು ಬಂದವಳೂ ಕಲ್ಲು ಮಣ್ಣಿನ ವಿಜ್ಞಾನ ಓದಬೇಕು, ವಿಜ್ಞಾನಕ್ಕೆ ಬಂದವರೂ ಒಂದು ಮಡಕೆಯನ್ನಾದರೂ ಮಾಡಬೇಕು. ನನಗೆ ಪೂರ್ತಿ ವಿದ್ಯಾರ್ಥಿವೇತನ. ಹಗಲು ಸ್ಟುಡಿಯೋದಲ್ಲಿ ಬಣ್ಣ, ಸಂಜೆ ಕತ್ತಲು ಮಾಡಿದ ಕೋಣೆಯಲ್ಲಿ ಕಲಾ ಇತಿಹಾಸದ ಸ್ಲೈಡುಗಳು. ತಿಂಗಳಿಗೊಮ್ಮೆ ಕ್ರಿಟ್. ನಮ್ಮ ಚಿತ್ರವನ್ನು ಗೋಡೆಗೆ ಹಾಕಿ ನಾವು ಬಾಯಿ ಮುಚ್ಚಿ ನಿಲ್ಲಬೇಕು, ಉಳಿದವರು ಅದರ ತಪ್ಪು ಹೇಳುತ್ತಾರೆ. ಊರಿನಲ್ಲಿ ನಾನು ಬರೆದ ಚಿತ್ರಕ್ಕೆ ಜನ ಹೇಳುತ್ತಿದ್ದುದು ಒಂದೇ ಮಾತು, ಚೆನ್ನಾಗಿದೆ. ಊಟದ ಕೋಣೆಯಲ್ಲಿ ಅನ್ನ ಸಿಗುತ್ತಿತ್ತು, ಸಾರು ಇರಲಿಲ್ಲ.

ಒಂದು ಸಂಜೆ ಪರದೆಯ ಮೇಲೆ ಶೃಂಗೇರಿಯ ದೇವಸ್ಥಾನ ಬಂತು. "ಆ ಕಂಬಗಳ ನಡುವೆ ನಿಂತರೆ ಹೇಗನಿಸುತ್ತದೆ?" ಎಂದು ಪ್ರೊಫೆಸರ್ ನನ್ನನ್ನೇ ಕೇಳಿದರು. ಹೊಳೆಯ ಮೀನಿಗೆ ಮಂಡಕ್ಕಿ ಹಾಕುವುದನ್ನು ಹೇಳಿದೆ. ಹತ್ತಾರು ಸಲ ಹೋಗಿದ್ದರೂ ಕಂಬಗಳನ್ನು ನಾನು ನೋಡಿಯೇ ಇರಲಿಲ್ಲ. ಒರಗಿ ಕೂತಿದ್ದೆ.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಅಮ್ಮನ ಹೊಲಿಗೆ ಅಂಗಡಿ. ನಾನು ಹೊರಡುವಾಗ ಬ್ಲೌಸು ಹೊಲಿದು ಉಳಿದ ತುಂಡು ಬಟ್ಟೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಬಣ್ಣ ಒರೆಸಲು ಬೇಕಾಗುತ್ತದೆ ಅಂತ ಕೊಟ್ಟಿದ್ದಳು. ಅವಳ ಮಿಷನ್ನಿನ ಡ್ರಾಯರಿನಲ್ಲಿ ಒಂದು ಎಣ್ಣೆ ಬಟ್ಟೆ ಇದೆ. ಮಿಷನ್ನಿಗೆ ಎಣ್ಣೆ ಬಿಟ್ಟು, ಒರೆಸಿ, ಬಟ್ಟೆಯನ್ನು ಮಡಚಿ ಮತ್ತೆ ಒಳಗಿಡುತ್ತಾಳೆ. ನಾನು ಕಂಡಾಗಿನಿಂದ ಅದೇ ಬಟ್ಟೆ. ಎಣ್ಣೆ ಬಟ್ಟೆ ಎಸೆಯುವ ವಸ್ತುವಲ್ಲ.

ಸ್ಟುಡಿಯೋ ನೋಡಿಕೊಳ್ಳುವ ಡೆನಿಸ್, ಅರವತ್ತು ದಾಟಿದವರು, ಮೊದಲ ದಿನವೇ ಮುಚ್ಚಳದ ಕೆಂಪು ತಗಡಿನ ಡಬ್ಬಿ ತೋರಿಸಿ, "ಒರೆಸಿದ ಬಟ್ಟೆ ಎಲ್ಲ ಇದರೊಳಗೆ. ಒಂದೂ ಹೊರಗೆ ಉಳಿಯಬಾರದು" ಎಂದಿದ್ದರು. ದಿನಾ ಸಂಜೆ ಅವರೇ ಅದನ್ನು ಖಾಲಿ ಮಾಡುತ್ತಿದ್ದರು. ನಾನು ತಲೆಯಾಡಿಸಿದ್ದೆ. ಆದರೆ ಯಾವ ತುಂಡು ಯಾರ ಬ್ಲೌಸಿನದು ಅಂತ ನನಗೆ ಗೊತ್ತಿತ್ತು. ಕೆಂಪು ಚುಕ್ಕಿಯದು ಮೇಗುಂದದ ಟೀಚರದ್ದು, ಹಸಿರು ಅಂಚಿನದು ಅಮ್ಮನದೇ. ಎಸೆಯಲು ಕೈ ಬರಲಿಲ್ಲ. ಹಿಂಡಿ, ಮಡಚಿ, ಪೆಟ್ಟಿಗೆಯಲ್ಲಿ ಒತ್ತಿಟ್ಟೆ. ಪಕ್ಕದಲ್ಲೇ ಕೋಣೆ ಬಿಸಿ ಮಾಡುವ ಕಬ್ಬಿಣದ ರೇಡಿಯೇಟರ್.

ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯ ಗುಣ ಮಿಷನ್ ಎಣ್ಣೆಯಂಥದಲ್ಲ. ಒಣಗುವಾಗ ಅದು ತಾನಾಗಿ ಬಿಸಿಯಾಗುತ್ತದೆ. ಬಟ್ಟೆಯನ್ನು ಹರವಿದರೆ ಬಿಸಿ ಆರಿಹೋಗುತ್ತದೆ, ಒತ್ತಿಟ್ಟರೆ ಒಳಗೊಳಗೇ ಏರಿ ಹೊತ್ತಿಕೊಳ್ಳುತ್ತದೆ. ಕಡ್ಡಿ ಗೀರುವುದೇ ಬೇಡ.

ಡೆನಿಸ್ ಓಡಿ ಬಂದು "ಹೊರಗೆ ನಡಿ!" ಎಂದು ಕೂಗಿದರು. ನಾನು ಕೂತಲ್ಲೇ ಇದ್ದೆ. ಬೆಂಕಿ ಕ್ಯಾನ್ವಾಸುಗಳ ಸಾಲಿಗೆ ತಲುಪಲು ಇನ್ನೊಂದೇ ಮಾರು ಇತ್ತು. ಅವರು ಉರಿಯುವ ಪೆಟ್ಟಿಗೆಯನ್ನು ಬರಿಗೈಯಲ್ಲಿ ಎಳೆದುಕೊಂಡು ಹೋಗಿ ಹಿಮದ ಮೇಲೆ ಎಸೆದರು. ಅದು ಚುಂಯ್ ಅಂದಿತು. ಆಮೇಲೆ ಬಲಗೈಯನ್ನು ಹಿಮದೊಳಗೆ ಹುಗಿದು ಅಲ್ಲೇ ಕೂತರು.

ಹಿಂದಿನ ಸಂಜೆ ಡೆನಿಸ್ ಬೇಗ ಮನೆಗೆ ಹೋಗಿದ್ದರಂತೆ, ಖಾಲಿ ಮಾಡದ ಕೆಂಪು ಡಬ್ಬಿ ತುಂಬಿ, ಹಿಡಿಸದ ಬಟ್ಟೆಯನ್ನು ಯಾರೋ ಪೆಟ್ಟಿಗೆಗೆ ಹಾಕಿರಬೇಕು ಎಂದು ಎಲ್ಲರೂ ತಿಳಿದರು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದು ಅವರಿಗೆ ಹೇಳಿದರು. ನನ್ನನ್ನು ಕಣ್ಣಾರೆ ಕಂಡವಳೆಂದು ಕೂರಿಸಿ, ಕಂಡದ್ದನ್ನು ಬರೆದುಕೊಡು ಎಂದರು. ಬರೆದೆ. ಹೊಗೆ ಬಂತು, ಬೆಂಕಿ ಕಂಡಿತು, ಡೆನಿಸ್ ಹೊರಗೆ ಹಾಕಿದರು. ಸುಳ್ಳು ಒಂದೂ ಇರಲಿಲ್ಲ. ಪೆಟ್ಟಿಗೆ ಯಾರದು ಎಂಬುದೂ ಇರಲಿಲ್ಲ. ಹೇಳಿದರೆ ವಿದ್ಯಾರ್ಥಿವೇತನ ಹೋದೀತು, ಅದರ ಹಿಂದೆಯೇ ವೀಸಾ.

ಎಂಟು ದಿನ ನನಗೆ ಅಳು ಬರಲಿಲ್ಲ, ಹಸಿವೂ ಆಗಲಿಲ್ಲ. ಕಣ್ಣು ಮುಚ್ಚಿದರೆ ಮೂರು ನಲವತ್ತು. ಕೈಯಲ್ಲಿ ಕುಂಚ, ಹೊಗೆ. ಈಗ ಏಳುತ್ತೇನೆ, ಈಗ ಏಳುತ್ತೇನೆ ಅಂದುಕೊಳ್ಳುತ್ತೇನೆ. ಒಂದು ಸಲವೂ ಏಳಲಿಲ್ಲ.

ಒಂಬತ್ತನೆಯ ದಿನ ಕಾಲಿಂಗ್ ಕಾರ್ಡ್ ಹಾಕಿ ಅಂಗಡಿಗೆ ಫೋನ್ ಮಾಡಿದೆ.

"ಎಂತ ಆಯ್ತೇ? ದನಿ ಒಂಥರಾ ಇದ್ಯಲ್ಲ" ಅಂದಳು ಅಮ್ಮ.

ಎಲ್ಲ ಹೇಳಿದೆ.

"ನಿಂಗೆಂತೂ ಆಗ್ಲಿಲ್ವಲ್ಲ?"

"ಇಲ್ಲ."

"ಆ ಮನುಷ್ಯನ ಕೈ ಹೆಂಗಿದೆ?"

"ಗೊತ್ತಿಲ್ಲ."

"ನೀ ಹೋಗಿ ನೋಡ್ಲಿಲ್ವಾ?"

ಹಿಂದೆ ಕೇಳುತ್ತಿದ್ದ ಮಿಷನ್ನಿನ ಸದ್ದು ನಿಂತಿತು.

"ಕೈಕೆಲ್ಸದೋರಿಗೆ ಕೈ ಸುಟ್ರೆ ಎಂತ ಉಳೀತದೆ ಮಾರಾಯ್ತಿ? ಅದ್ರ ಮೇಲೆ ತಪ್ಪೂ ಅವರದ್ದೇ ಅಂದ್ರೆ? ಹೋಗಿ ಹೇಳು. ವಾಪಸ್ ಕಳ್ಸಿದ್ರೆ ಬಾ. ಇಲ್ಲಿ ಹುಕ್ಕು ಹಾಕೋಕೆ ಒಬ್ರೂ ಸಿಕ್ತಿಲ್ಲ."

ಅವತ್ತೇ ಇನ್ನೊಂದು ಹೇಳಿಕೆ ಬರೆದುಕೊಟ್ಟು ಡೆನಿಸ್ ಮನೆಗೆ ಹೋದೆ. ನಮ್ಮಲ್ಲಿ ಆ ವಯಸ್ಸಿನವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಈ ಊರಿನಲ್ಲಿ ಬೇರೆ ರೀತಿ ಕರೆಯುವುದೇ ಇಲ್ಲ. ಐದು ತಿಂಗಳು ನಾನು ಅವರನ್ನು ಏನೆಂದೂ ಕರೆಯದೆ ದಾಟಿಸಿದ್ದೆ. ಬಾಗಿಲು ತೆರೆಯಿತು. ಕೈಗೆ ಬಿಳಿ ಪಟ್ಟಿ.

"ಡೆನಿಸ್, ಪೆಟ್ಟಿಗೆ ನನ್ನದು."

"ಗೊತ್ತು" ಅಂದರು. "ಒರೆಸಿದ ಬಟ್ಟೆಯನ್ನು ಅಷ್ಟು ಚೆಂದ ಮಡಚುವವರು ಆ ಸ್ಟುಡಿಯೋದಲ್ಲಿ ಬೇರೆ ಯಾರಿದ್ದಾರೆ?"

"ಮತ್ತೆ ನೀವು ಯಾಕೆ ಹೇಳಲಿಲ್ಲ?"

"ಹೇಳಬೇಕಾದವಳು ನೀನು."

ಒಳಗೆ ಕರೆಯಲಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿತು.

ಅವರು ಕೆಲಸಕ್ಕೆ ಮರಳಿದರು. ನನ್ನನ್ನು ಕಳಿಸಲಿಲ್ಲ. ಬೇಸಿಗೆ ರಜೆಯವರೆಗೆ ಎಣ್ಣೆ ಬಣ್ಣ ಮುಟ್ಟುವಂತಿಲ್ಲ, ದಿನಾ ಸಂಜೆ ಕೆಂಪು ಡಬ್ಬಿ ಖಾಲಿ ಮಾಡುವುದು ನನ್ನ ಕೆಲಸ ಎಂದಾಯಿತು. ಡೆನಿಸ್ ಎಡಗೈಯಲ್ಲಿ ಮಾಡಿ ತೋರಿಸಿದರು. ಬೇಕಾದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ. ನಿದ್ದೆ ಮಾತ್ರ ಬಿಟ್ಟು ಬಿಟ್ಟು ಬರುತ್ತಿತ್ತು.

ರಜೆಗೆ ಕೊಪ್ಪಕ್ಕೆ ಹೋದ ಮರುದಿನ ಸಂಜೆ ಹೊಗೆಯ ವಾಸನೆ ಬಂತು. ಈ ಸಲ ಎದ್ದೆ. ಕೈಗೆ ಸಿಕ್ಕ ಕೊಡಪಾನ ಎತ್ತಿಕೊಂಡು ಓಡಿ ಅಷ್ಟೂ ನೀರನ್ನು ಸುರಿದುಬಿಟ್ಟೆ.

"ಅಯ್ಯೋ ಮಾರಾಯ್ತಿ, ಹಂಡೆಗೆ ಹಾಕೋ ನೀರು ಒಲೆಗೆ ಹಾಕಿದ್ಯಲ್ಲೇ! ಅಮೆರಿಕದಲ್ಲಿ ಇದ್ನಾ ಕಲ್ಸಿದ್ದು?" ಅಮ್ಮ ನಕ್ಕಳು. ನಾನು ಖಾಲಿ ಕೊಡಪಾನವನ್ನು ಇನ್ನೂ ಒಲೆಯ ಮೇಲೆ ಬಗ್ಗಿಸಿಯೇ ಹಿಡಿದಿದ್ದನ್ನು ನೋಡಿ ನಗು ನಿಲ್ಲಿಸಿದಳು. ತಣ್ಣೀರಲ್ಲೇ ಮಿಂದು ಬಂದು, "ನಾಳೆ ನೀನೇ ಹಚ್ಚು" ಅಂದಳು.

ಮರುದಿನ ನಾನೇ ಹಚ್ಚಿದೆ. ನೀರು ಕಾದ ಮೇಲೂ ಒಲೆಯ ಮುಂದೆಯೇ ಕೂತೆ, ಕೆಂಡ ಬೂದಿಯಾಗುವವರೆಗೆ. ಅವತ್ತು ಇಡೀ ರಾತ್ರಿ ಎಚ್ಚರವಾಗಲಿಲ್ಲ.

ಬೆಳಿಗ್ಗೆ ಕಣ್ಣು ಬಿಟ್ಟಾಗ ಹೊರಗೆ ಅಮ್ಮನ ಪಾತ್ರೆಗಳ ಸದ್ದು. ನನ್ನ ಕಿವಿ ರೇಡಿಯೇಟರಿನ ಟಕಟಕವನ್ನು ಹುಡುಕುತ್ತಿತ್ತು. ಕಾಲೇಜಿನ ಊರಿನಲ್ಲಿ ಆಗ ಇನ್ನೂ ಹಿಂದಿನ ದಿನದ ಸಂಜೆ. ಕೆಂಪು ಡಬ್ಬಿಯನ್ನು ಯಾರು ಖಾಲಿ ಮಾಡುತ್ತಿದ್ದಾರೋ ಅಂದುಕೊಳ್ಳುತ್ತ ಮಲಗಿದ್ದೆ.