ನಂದಿ ಬೇಡ ಅಂದದ್ದು ಎಲ್ಲಿ?

ಅರಸೀಕೆರೆಯಲ್ಲಿ ನಮ್ಮ ಮಠದವರು ನಡೆಸುವ ವಧೂವರರ ಕೇಂದ್ರದಲ್ಲಿ ಮಂಜುಳಾ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಗಂಡು ಹುಡುಕಿ ಹುಡುಕಿ ಅವಳ ಬೆರಳು ಸವೆದು, ಆಧಾರ್ ಯಂತ್ರಕ್ಕೂ ಅವಳ ಗುರುತು ಸಿಗುತ್ತಿಲ್ಲವೆಂದು ನಮ್ಮೂರು ಗಂಡಸಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ಸುಳ್ಳು. ನಮ್ಮ ಮೇಲಿರುವ ಅವಳ ಋಣ ಮಾತ್ರ ಪೂರ್ತಿ ನಿಜ.

ಹಳೇಬೀಡಿನವಳು. ಮೊದಲು ಅಲ್ಲಿ ದೇವಸ್ಥಾನದೆದುರು ಎಳನೀರು ಮಾರುತ್ತಿದ್ದಳು. "ಗಂಜಿ ಇರ್ಲೇಬೇಕು, ನೀರು ಜಾಸ್ತಿ ಇದ್ರೆ ಒಳ್ಳೇದು, ಒಗರು ಬೇಡ" ಎನ್ನುವ ಗಿರಾಕಿಗಳನ್ನು ಸುಧಾರಿಸಿಯೇ ಗಂಡು ಆರಿಸುವ ಈ ವಿದ್ಯೆ ಬಂತು ಎನ್ನುತ್ತಾಳೆ.

ನನ್ನ ಮೊಮ್ಮಗಳು ಸಿರಿ ಗಂಡಸಿಯ ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ನೋಡಲು ಬಂದವರೆಲ್ಲ ಕೆಲಸ ಬಿಡಲಿ ಎಂದರು. ಹಾಗಾದರೆ ಮದುವೆಯೇ ಬೇಡವೆಂದು ಇವಳು ಕೂತಳು. ಕೊನೆಗೆ ಅವಳನ್ನೂ ಹೆಂಡತಿ ಮಹದೇವಮ್ಮನನ್ನೂ ಕರೆದುಕೊಂಡು ಕೇಂದ್ರಕ್ಕೆ ಹೋದೆ.

"ಇರ್ಲೇಬೇಕಾದ್ದು ಏನು, ಅಜ್ಜ?" ಎಂದಳು ಮಂಜುಳಾ.

ಸಿರಿಯೇ ಬಾಯಿ ಹಾಕಿದಳು. "ನನ್ ಕೆಲ್ಸ ಬಿಡಿಸ್ಬಾರ್ದು. ಅಷ್ಟೇ ಕಣಕ್ಕ."

"ಇದ್ರೆ ಒಳ್ಳೇದು ಅನ್ನೋದು?"

"ತೆಂಗಿನ ತೋಟ," ಎಂದೆ. "ಆಮೇಲೆ, ಮೀಸೆ."

"ಬೇಡದ್ದು?"

"ನಮ್ದು ನಂದಿ ಗೋತ್ರ. ಒಂದೇ ಗೋತ್ರದೋರು ಅಣ್ಣ ತಂಗಿ ಇದ್ದಂಗೆ. ನಂದಿ ಅನ್ನೋ ಮಾತೇ ಎಲ್ಲೂ ಬರ್ಬಾರ್ದು ಕಣವ್ವ!"

ಮಂಜುಳಾ ಎಲ್ಲ ತುಂಬಿಸಿ ಗುಂಡಿ ಒತ್ತಿದಳು. ಪರದೆ ಖಾಲಿ. ಕೆಲಸ ಬಿಡಿಸದ ಗಂಡು ಒಬ್ಬನೂ ಇಲ್ಲ! ಸಿರಿ ಚೀಲ ಹೆಗಲಿಗೇರಿಸಿ ಎದ್ದಳು.

"ಕೂತ್ಕೊ ಸಿರಿ," ಎಂದು ಮಂಜುಳಾ ನನ್ನತ್ತ ತಿರುಗಿದಳು. "ಅಜ್ಜ, ನೀವು ಎಲ್ಲೂ ಬರ್ಬಾರ್ದು ಅಂದ್ರಿ. ಇದು ಎಲ್ಲಾ ಕಡೆನೂ ನೋಡ್ತು. ತಾಯಿ ತವರು ನಂದಿ ಗೋತ್ರ ಅಂತ ಬರೆಸಿರೋ ಹುಡುಗ್ರನ್ನೂ ಆಚೆಗೆ ಹಾಕ್ಬಿಡ್ತು."

ಮಹದೇವಮ್ಮ ಹಣೆ ಚಚ್ಚಿಕೊಂಡಳು. "ತಾಯಿ ತವರು ನಮ್ ಗೋತ್ರ ಅಂದ್ರೆ, ಅವ್ನಿಗೆ ಸೋದರಮಾವನ ಕಡೆ ಹೆಣ್ಣು ತಂದಂಗೇ ಅಲ್ವೇನ್ರೀ! ಅಂಥ ಸಂಬಂಧನ ಬೇಡ ಅಂದ್ರಾ? ನಿಮ್ ಬಾಯಿಗಿಷ್ಟು!"

ಮಂಜುಳಾ 'ನಂದಿ ಬೇಡ' ಎಂಬುದನ್ನು ಹುಡುಗನ ಗೋತ್ರ ಎಂಬ ಕಾಲಂನಲ್ಲಷ್ಟೇ ಉಳಿಸಿದಳು. ತಾಯಿಯ ತವರಿನ ನಂದಿಯನ್ನು 'ಇದ್ದರೆ ಒಳ್ಳೆಯದು' ಪಾಲಿಗೆ ಸೇರಿಸಿದಳು. ಎಲ್ಲರಿಗಿಂತ ಮೇಲೆ ಬಂದವನು ಬೇಲೂರಿನ ಶಶಿಧರ್, ಸರ್ಕಾರಿ ಬಸ್ಸಿನ ಕಂಡಕ್ಟರ್. ಹೆಂಡತಿಯ ಕೆಲಸ ಎಂಬಲ್ಲಿ 'ಮುಂದುವರಿಸಲಿ' ಎಂದಿತ್ತು. ತೋಟವಿರಲಿಲ್ಲ, ಮೀಸೆ ಇತ್ತು, ಇರುವೆ ಸಾಲಿನಷ್ಟು.

ಮದುವೆಯೂ ಆಯಿತು. ಈಗ ಅವನಿಗೆ ಅರಸೀಕೆರೆ ಡಿಪೋಗೆ ವರ್ಗವಾಗಿದೆ. ಸಿರಿ ಬೆಳಿಗ್ಗೆ ಸ್ಕೂಟರ್ ಏರಿ ಗಂಡಸಿಯ ದನಗಳ ಯೋಗಕ್ಷೇಮಕ್ಕೆ ಹೊರಡುತ್ತಾಳೆ. ನಾನು ಅರಸೀಕೆರೆಗೆ ಹೋದಾಗಲೆಲ್ಲ ನಮ್ಮ ತೋಟದ ಎಳನೀರು ಒಯ್ದು ಮಂಜುಳಾಳ ಮೇಜಿನ ಮೇಲಿಡುತ್ತೇನೆ.

ಹಳೆ ಚಾಳಿ ಬಿಡದೆ ಅವಳು ಬೆರಳಿನಿಂದ ತಟ್ಟಿ ನೋಡುತ್ತಾಳೆ. "ಗಂಜಿ ಐತಾ, ಅಜ್ಜ?"

"ನಿಂಗೆ ತಂದಿದ್ದು ಕಣವ್ವ. ಇರ್ಲೇಬೇಕು."