ಬೆಲ್ಲ ತಂದ ನಿಂಬೆಹಣ್ಣು

ದೃಷ್ಟಿ ತೆಗೆದು ಮೂರು ದಾರಿ ಕೂಡುವಲ್ಲಿ ಎಸೆದ ನಿಂಬೆಹಣ್ಣು ಆಮೇಲೆ ಎಲ್ಲಿಗೆ ಹೋಗುತ್ತದೆ, ಹೇಳಿ ನೋಡೋಣ? ಗೊತ್ತಿಲ್ಲ, ಅಲ್ಲವೇ. ಹೇಗೆ ಗೊತ್ತಿರುತ್ತದೆ, ಎಸೆದ ಮೇಲೆ ತಿರುಗಿ ನೋಡಬಾರದು ಎಂದು ನಮ್ಮಂಥ ಅಜ್ಜಿಯರೇ ನಿಮ್ಮನ್ನು ಹೆದರಿಸಿಟ್ಟಿದ್ದೇವೆ. ನಾನು ಎಸೆದದ್ದು ಎಲ್ಲಿದೆ ಎಂದು ಮಾತ್ರ ನನಗೆ ಗೊತ್ತು. ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ. ಇವತ್ತು ಬೆಳಿಗ್ಗೆ ಉಪ್ಪಿನ ಡಬ್ಬಿ ತೆಗೆಯಲು ಹೋದಾಗ ಕೈಗೆ ತಗುಲಿತು. ಒಣಗಿ ಗೋಲಿಯಂತಾಗಿದೆ, ಮೈಮೇಲೆ ಒಂದು ಹಲ್ಲಿನ ಗುರುತೂ ಇಲ್ಲ. ಅದನ್ನು ನೋಡಿ ಫೋನು ಹಿಡಿದು ಕುಳಿತೆ. ಟೈಪ್ ಮಾಡಲು ಕಲಿತು ಎರಡು ತಿಂಗಳಷ್ಟೇ ಆಯಿತು, ಒಂದೇ ಬೆರಳು. ನೀವೂ ನಿಧಾನವಾಗಿ ಓದಿ.

ಕಾಡುಗೋಡಿಯಲ್ಲಿ ನಮ್ಮ ನಾಲ್ಕು ಅಂತಸ್ತಿನ ಮನೆ ನಿಂತಿರುವ ಜಾಗದಲ್ಲಿ ಮೊದಲು ನಮ್ಮದೇ ರಾಗಿ ಹೊಲವಿತ್ತು. ಹೊಲಕ್ಕೊಂದು ನಾಯಿಯಿತ್ತು, ಕರಿಯ. ನಾಯಿ ಎಂದರೆ ನನಗೆ ತಿಳಿದದ್ದು ಇಷ್ಟು: ಹೊರಗಿರಬೇಕು, ಗುರುತಿಲ್ಲದವರನ್ನು ಕಂಡರೆ ಬೊಗಳಬೇಕು, ಮಿಕ್ಕ ಮುದ್ದೆ ತಿಂದು ಮಲಗಬೇಕು. ಹೀಗಿರುವಾಗ ಒಂದು ಸಂಜೆ ಮಗ ಮಂಜ ಕಾರಿನ ಹಿಂಬಾಗಿಲು ತೆಗೆದ. ಬೆಲ್ಲದ ಬಣ್ಣದ, ಕಂಬಳಿಯಷ್ಟು ಕೂದಲಿನ ಒಂದು ಪ್ರಾಣಿ ಇಳಿದು ನೇರವಾಗಿ ಬಂದು ನನ್ನ ಪಾದದ ಮೇಲೆ ಕುಳಿತಿತು. ಮಹದೇವಪುರದ ಅಪಾರ್ಟ್‌ಮೆಂಟಿನಲ್ಲಿ ಯಾರೋ ಸಾಕಿದ್ದರಂತೆ. ಮಗು ಹುಟ್ಟಿದ ಮೇಲೆ ನೋಡಿಕೊಳ್ಳಲು ಆಗುತ್ತಿಲ್ಲವೆಂದು ಕೊಟ್ಟುಬಿಟ್ಟರಂತೆ.

"ಬೊಗಳ್ತದಾ?" ಎಂದೆ.

"ಗೋಲ್ಡನ್ ರಿಟ್ರೀವರ್ ಕಣಮ್ಮ ಇದು. ಬೊಗಳೋದು ಕಮ್ಮಿ," ಎಂದ ಮಂಜ.

"ಮತ್ಯಾತಕ್ಕಪ್ಪಾ ತಂದೆ?"

"ಮುದ್ದು ಮಾಡಕ್ಕೆ ಅಜ್ಜಿ," ಎಂದಳು ಮೊಮ್ಮಗಳು ಚಂದು.

"ಅದಕ್ಕೆ ನಾನಿಲ್ವಾ?"

ಸೊಸೆ ಸುಧಾ ಕಾರಿನ ಸೀಟಿಗೆ ಅಂಟಿದ್ದ ಕೂದಲನ್ನೇ ನೋಡುತ್ತಿದ್ದಳು. "ಒಂದು ತಿಂಗಳು ನೋಡಣ. ಇಡೀ ದಿನ ಮನೇಲಿರೋರು ಅತ್ತೆ. ಅವರು ಬೇಡ ಅಂದ್ರೆ ಬೇಡ," ಎಂದು ತೀರ್ಪು ಕೊಟ್ಟಳು. ನಾನು ಬೇಡ ಎಂದರೆ ಪೀಣ್ಯದಲ್ಲಿ ಮಂಜನ ಗೆಳೆಯನೊಬ್ಬನ ಶೆಡ್ಡಿದೆ, ಅಲ್ಲಿ ಗೇಟಿಗೆ ಕಟ್ಟಿಹಾಕಲು ಒಂದು ನಾಯಿ ಬೇಕಂತೆ. ಇಷ್ಟು ದೊಡ್ಡ ಅಧಿಕಾರ ಈ ಮನೆಗೆ ಬಂದಾಗಿನಿಂದ ನನಗೆ ಸಿಕ್ಕಿರಲಿಲ್ಲ. ತಿಂಗಳಿಡೀ ಅದನ್ನು ಅನುಭವಿಸೋಣ ಎಂದುಕೊಂಡೆ.

ಬೆಲ್ಲ ಎಂದೇ ಹೆಸರಿಟ್ಟೆವು. ಮೊದಲ ವಾರದಲ್ಲೇ ಅದರ ಕಸುಬು ಗೊತ್ತಾಯಿತು. ಮೇಲಿನ ಮೂರು ಅಂತಸ್ತಿನ ಬಾಡಿಗೆಯವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಲ್ಲಿ ಒಂದೊಂದನ್ನೇ ತಂದು ನನ್ನ ಮುಂದೆ ಇಡುತ್ತಿತ್ತು. ಜೋಡಿ ತರುತ್ತಿರಲಿಲ್ಲ, ಒಂದೇ. ಕಚ್ಚಿ ಹರಿಯುತ್ತಲೂ ಇರಲಿಲ್ಲ, ಹೂವಿನಂತೆ ಹಿಡಿದು ತರುತ್ತಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಒಂಟಿ ಚಪ್ಪಲಿಗಳನ್ನು ಹಿಡಿದು ಮೆಟ್ಟಿಲು ಹತ್ತುವುದು, ಅದು ಇನ್ನೊಂದನ್ನು ಹಿಡಿದು ಇಳಿಯುವುದು. ಸಿಲಿಂಡರ್ ತರುವವನು ಗೇಟಿನಲ್ಲೇ ನಿಂತು, "ಅಜ್ಜೀ, ಕಚ್ಚುತ್ತಾ?" ಎಂದ. "ಕಚ್ಚಕಿಲ್ಲ ಬಾರಪ್ಪ, ಚಪ್ಲಿ ಮಾತ್ರ ಕಾಲಲ್ಲೇ ಇರ್ಲಿ," ಎಂದೆ.

ಇದೇನು ಜಾತಿ ಎಂದು ನನಗೆ ಕುತೂಹಲ ಹತ್ತಿತು. ಚಂದುವಿನ ಕೈಯಲ್ಲಿ ಫೋನಿನಲ್ಲಿ ಹುಡುಕಿಸಿದೆ. ದೊರೆಗಳು ಬೇಟೆಗೆ ಹೋಗಿ ಬಾತುಕೋಳಿ ಹೊಡೆದರೆ, ನೀರಿಗೆ ಬಿದ್ದ ಹಕ್ಕಿಯನ್ನು ಒಂದು ಗರಿಯೂ ಕೆಡದಂತೆ ಎತ್ತಿ ತರಲು ಬೆಳೆಸಿದ ತಳಿಯಂತೆ ಇದು. ನಮ್ಮ ಕಡೆಯ ಕೆರೆಗೆ ಈಗ ಬಾತುಕೋಳಿ ಇಳಿದರೆ ಮೊದಲು ಅದಕ್ಕೆ ಸ್ನಾನ ಮಾಡಿಸಬೇಕು, ಆ ಮಾತು ಬೇರೆ. ಹಕ್ಕಿ ಇಲ್ಲದ ಊರಲ್ಲಿ ಪಾಪ, ಚಪ್ಪಲಿಯಲ್ಲೇ ಕಸುಬು ಉಳಿಸಿಕೊಂಡಿದೆ. ಅಂದಿನಿಂದ ಅದರ ಮೇಲೆ ನನಗೆ ಒಂಥರಾ ಗೌರವ. ಅದಕ್ಕೂ ನನ್ನ ಮೇಲೆ ಇತ್ತೆಂದು ಕಾಣುತ್ತದೆ, ಎಲ್ಲಿ ಹೋದರೂ ಹಿಂದೆ ಬರುತ್ತಿತ್ತು. ಸುಧಾ ಕಸದ ಬುಟ್ಟಿಗೆ ಹಾಕಿದ ಐಸ್‌ಕ್ರೀಂ ಡಬ್ಬಿ, ಹಿಡಿ ಮುರಿದ ಮಗ್ಗು ಇವನ್ನೆಲ್ಲ ನಾನು ಎತ್ತಿ ತೊಳೆದು ಅಟ್ಟಕ್ಕೆ ಸೇರಿಸುವಾಗಲೂ ಪಕ್ಕದಲ್ಲಿ ನಿಂತು ಬಾಲ ಆಡಿಸುತ್ತಿತ್ತು.

ನಾಲ್ಕನೇ ವಾರ ಬೆಲ್ಲ ಊಟ ಬಿಟ್ಟಿತು. ಡಾಕ್ಟರು ನೋಡಿ, ಸೆಖೆಗೆ ಹೀಗಾಗುತ್ತದೆ, ಹೆದರಬೇಡಿ ಎಂದರು. ನಾನು ಒಪ್ಪಲಿಲ್ಲ. ದಾರಿಯಲ್ಲಿ ಹೋಗುವ ಹೆಣ್ಣುಮಕ್ಕಳೆಲ್ಲ ನಿಂತು "ಅಯ್ಯೋ ಎಷ್ಟು ಕ್ಯೂಟು" ಎಂದು ಹೋದರೆ ಯಾವ ಜೀವ ತಡೆಯುತ್ತದೆ? ಭಾನುವಾರ ಹೊತ್ತು ಮುಳುಗುವಾಗ ಉಪ್ಪು, ಒಣಮೆಣಸಿನಕಾಯಿ, ನಿಂಬೆಹಣ್ಣು ಹಿಡಿದು ಮೂರು ಸಲ ನಿವಾಳಿಸಿದೆ. ಬೆಲ್ಲ ಉಪ್ಪು ಮೆಣಸಿನಕಾಯಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ, ನಿಂಬೆಹಣ್ಣನ್ನು ಮಾತ್ರ ಕಣ್ಣಲ್ಲೇ ಹಿಂಬಾಲಿಸಿತು. ಆಗಲೇ ನನಗೆ ಅರ್ಥವಾಗಬೇಕಿತ್ತು.

ಮೂಲೆಯ ಮೂರು ದಾರಿಗೆ ಹೋಗಿ ಎಲ್ಲವನ್ನೂ ಎಸೆದು ತಿರುಗಿದೆ. ನಾಲ್ಕು ಹೆಜ್ಜೆ ಹಾಕಿರಬಹುದು, ಬೆನ್ನ ಹಿಂದೆ ಟಪ್ ಟಪ್ ಎಂದು ಸದ್ದು. ಗೇಟು ಹಾಕಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ತಿರುಗಿ ನೋಡುವಂತಿಲ್ಲ. ನಾನು ಬೇಗ ನಡೆದರೆ ಸದ್ದೂ ಬೇಗ, ನಾನು ನಿಂತರೆ ಅದೂ ನಿಂತಿತು. ಬೆವರುತ್ತಾ ಮನೆ ಸೇರಿ, ನಲ್ಲಿಯಲ್ಲಿ ಕಾಲು ತೊಳೆದು ತಲೆಯೆತ್ತಿದರೆ ಎದುರಿಗೆ ಬೆಲ್ಲ. ನಿಂಬೆಹಣ್ಣನ್ನು ಮೆಲ್ಲಗೆ ಹೊಸ್ತಿಲ ಮೇಲಿಟ್ಟು, ಶಭಾಷ್ ಅನ್ನು ಎಂಬಂತೆ ಕುಳಿತಿತು. ಆಮೇಲೆ ಒಳಗೆ ಹೋಗಿ ತಟ್ಟೆಯಲ್ಲಿದ್ದ ಮೊಸರನ್ನವನ್ನೆಲ್ಲ ನೆಕ್ಕಿ ಮುಗಿಸಿತು.

ನೀವು ನಗುತ್ತಿದ್ದೀರಿ. ನನಗೆ ಅಂದು ನಗು ಬರಲಿಲ್ಲ. ತೆಗೆದ ದೃಷ್ಟಿ ಹೊಸ್ತಿಲಿಗೆ ವಾಪಸ್ ಬಂದರೆ ಮನೆಯ ಮಕ್ಕಳ ಮೇಲೆ ಬೀಳುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಅಷ್ಟು ಹೊತ್ತಿಗೆ ಸರಿಯಾಗಿ ಒಳಗೆ ಚಂದು ಎರಡು ಸಲ ಸೀನಿದಳು.

"ಮಂಜ, ಆ ಪೀಣ್ಯದೋನಿಗೆ ಫೋನ್ ಮಾಡಪ್ಪ. ಎಸ್ದಿದ್ದನ್ನ ಒಳಕ್ಕೆ ತರೋ ಜೀವ ಈ ಮನೇಲಿ ಇರಬಾರ್ದು," ಎಂದೆ.

ಚಂದು ಬೆಲ್ಲದ ಕುತ್ತಿಗೆ ತಬ್ಬಿ ಕುಳಿತಳು. ಮಂಜ ಫೋನು ತೆಗೆದ. ನನ್ನ ಬಾಯಿಂದ ಬಿದ್ದ ಮಾತು ನಡುಮನೆಯಲ್ಲಿ ಬಿದ್ದೇ ಇತ್ತು, ನನಗೇ ಅದನ್ನು ಎತ್ತಿಕೊಳ್ಳಬೇಕೆನಿಸಿದರೂ ಬಗ್ಗಲು ಬಿಗುಮಾನ. ಕೊನೆಗೆ ಎತ್ತಿ ತಂದವಳು ಸುಧಾ. ಸೋಫಾದ ಕೂದಲು ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ, ಮಂಜನಿಗೆ ಫೋನು ಕೆಳಗಿಡಲು ಸನ್ನೆ ಮಾಡಿದಳು.

ಈ ಅಕ್ಷರಗಳನ್ನು ಒತ್ತುವಾಗ ಬೆಲ್ಲ ನನ್ನ ಪಾದದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದೆ. ಚಂದುವಿಗೆ ಆಮೇಲೆ ಸೀನು ಕೂಡ ಬರಲಿಲ್ಲ. ಈಗಲೂ ನಾನು ದೃಷ್ಟಿ ತೆಗೆಯುತ್ತೇನೆ, ಆದರೆ ಮೊದಲು ಗೇಟಿನ ಚಿಲಕ ಹಾಕುತ್ತೇನೆ. ಕಿಟಕಿಯ ಆ ನಿಂಬೆಹಣ್ಣನ್ನು ಇವತ್ತಾದರೂ ಎಸೆಯೋಣ ಎಂದು ಕೈಗೆ ತೆಗೆದುಕೊಂಡೆ, ಮತ್ತೆ ಅಲ್ಲೇ ಇಟ್ಟೆ. ಎಸೆಯಲು ಹೋದಾಗಲೆಲ್ಲ ಅಂದು ಸೊಸೆ ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದು ನೆನಪಾಗುತ್ತದೆ:

"ನಾನು ಎಸೆದಿದ್ದನ್ನೆಲ್ಲ ಹದಿನೆಂಟು ವರ್ಷದಿಂದ ನೀವು ಒಳಗೆ ತಂದಿಡ್ತಿದ್ದೀರಲ್ಲ ಅತ್ತೆ, ನಿಮ್ಮನ್ನೇನು ಪೀಣ್ಯಕ್ಕೆ ಕಳಿಸಿದ್ನಾ?"